ರಾಳ ಹಿಡಿಯುವ ಕುಡಿಕೆ

ಪೈನ್ ಮರವನ್ನು ಕಣ್ಣಿಂದ ನೋಡುವ ಮೊದಲೇ ಅದರ ರಾಳ ನನಗೆ ವಾಂತಿ ಮಾಡಿಸಿತ್ತು.

ಸ್ವಾತಂತ್ರ್ಯ ಬಂದು ಐದಾರು ವರ್ಷವಾಗಿದ್ದ ಕಾಲ. ಮರಾಠಿ ಸೀಮೆಗೆ ತಾಗಿದ ಉಮದಿಯ ಕುಂಬಾರ ಓಣಿಯಲ್ಲಿ ನಾನು, ನನ್ನ ಹೆಂಡತಿ, ನನ್ನ ಅವ್ವ, ಮೂರೇ ಜನ ಇದ್ದೆವು. ಅಪ್ಪ ತೀರಿಕೊಂಡ ಮೇಲೆ ಗಡಿಗೆ ತಿರುಗಿಸುವ ತಿಗರಿಗೆ ನಾನು ಕೂತಿದ್ದೆ. ಮರಾಠಿ ಶಾಲೆಯಲ್ಲಿ ಏಳನೆಯ ಇಯತ್ತೆ ಮುಗಿಸಿದ್ದರೂ ನೌಕರಿ ಸಿಕ್ಕಿರಲಿಲ್ಲ. ಕೊಡ, ಹರವಿ, ಗಡಿಗೆ, ಒಲೆ ಎಲ್ಲವನ್ನೂ ಅಜ್ಜ ಮಾಡಿದಂತೆ ಅಪ್ಪ ಮಾಡಿದ್ದ, ಅಪ್ಪ ಮಾಡಿದಂತೆ ನಾನು ಮಾಡುತ್ತಿದ್ದೆ.

ಒಂದು ಬೇಸಗೆಯಲ್ಲಿ ಹತ್ತಿರದ ಅಸಂಗಿ ಊರಿನವನೊಬ್ಬ ನಮ್ಮ ಮನೆ ಹುಡುಕಿಕೊಂಡು ಬಂದ. ಪಲ್ಟಣಕ್ಕೆ ಸೇರಿ, ಯುದ್ಧ ಮುಗಿದ ಮೇಲೆ ಊರಿಗೆ ಮರಳದೆ ಉತ್ತರದ ಗುಡ್ಡಗಾಡಿನಲ್ಲೇ ಉಳಿದಿದ್ದವ. ಅಲ್ಲಿ ಪೈನ್ ಮರಗಳಿಂದ ರಾಳ ತೆಗೆಸುವ ಒಬ್ಬ ಗುತ್ತೇದಾರನ ಕೈಕೆಳಗೆ ಕೂಲಿಯಾಳುಗಳನ್ನು ನೋಡಿಕೊಳ್ಳುವ ಮುಕಾದಮನಾಗಿದ್ದ. ಅವನು ಗೋಣಿಚೀಲದಿಂದ ಒಂದು ಮಣ್ಣಿನ ಕುಡಿಕೆ ತೆಗೆದು ನಮ್ಮ ಕಟ್ಟೆಯ ಮೇಲಿಟ್ಟು, ಬಾಯಿಗೆ ಕಟ್ಟಿದ್ದ ಅರಿವೆ ಬಿಚ್ಚಿದ.

ಮೇಲೆ ಕರ್ರಗಿನ ನೀರು ಒಂದು ಬೆರಳಿನಷ್ಟು ನಿಂತಿತ್ತು. ಅದರ ಕೆಳಗೆ ಹಳದಿ ಲೋಳೆ. ಆ ಲೋಳೆಯಲ್ಲಿ ಪತಂಗ, ಜೀರುಂಡೆ, ಇರುವೆ, ಮತ್ತು ಅರ್ಧ ಮೈ ಹೊರಗೆ ಅರ್ಧ ಮೈ ಒಳಗೆ ಕೊಳೆತ ಒಂದು ಹಲ್ಲಿ. ರಾಳದ ಕಟು ವಾಸನೆ ಮೂಗಿಗೆ ಹೊಡೆಯಿತು, ಅದರ ಹಿಂದೆಯೇ ಕೊಳೆತದ್ದರ ನಾತ ಬಂತು. ನಾನು ಎದ್ದು ಹೋಗಿ ಹಿತ್ತಲಲ್ಲಿ ಕಾರಿಕೊಂಡೆ.

ವಾಪಸು ಬಂದಾಗ ಅವನು ನಗುತ್ತಿದ್ದ. "ಇಷ್ಟಕ್ಕ ಹೆದರಿದೇನೋ ತಮ್ಮಾ? ಅಲ್ಲೆ ಕುಡಿಕಿ ಎಲ್ಲಾ ಹಿಂಗ ಇರ್ತಾವು. ಮಳಿ ನೀರು ತುಂಬತೈತಿ, ಹುಳಾ ಬೀಳ್ತಾವು, ಹಿಮ ಬಿತ್ತಂದ್ರ ಸೀಳತಾವು. ಗಿಡಕ್ಕ ಮೊಳಿ ಹೊಡದು ಹಾಕಿದ್ರ ನೆಟ್ಟಗ ನಿಂದ್ರಂಗಿಲ್ಲ. ನೀ ಶಾಣ್ಯಾ ಅದಿ ಅಂತ ಕೇಳೇನಿ. ಒಂದು ಹೊಸಾ ನಮೂನಿ ಮಾಡಿಕೊಡು."

"ನಮ್ಮ ಕಡೆ ಆ ಗಿಡಾನ ಇಲ್ಲಲ್ರಿ," ಎಂದೆ.

"ಬೇವಿನ ಗಿಡಕ್ಕ ಹಾಕಿ ನೋಡು. ರಾಳ ನಾ ಕೊಟ್ಟ ಹೋಗ್ತೀನಿ," ಎಂದು ಸೀಮೆಎಣ್ಣೆಯ ಡಬ್ಬಿಯೊಂದನ್ನು ನಮ್ಮ ಅಂಗಳದಲ್ಲಿ ಇಳಿಸಿದ. ತುಂಬ ರಾಳ.

ಅಷ್ಟು ಅಸಹ್ಯಪಟ್ಟ ಮೇಲೂ ಯಾಕೆ ಒಪ್ಪಿದೆ? ಸುಳ್ಳು ಹೇಳಬಾರದು. ಹುಟ್ಟಿದಾಗಿನಿಂದ ಯಾರೂ ನನಗೆ 'ಹೊಸದೊಂದು ಮಾಡು' ಎಂದಿರಲಿಲ್ಲ. ಆ ಮಾತು ತಲೆಗೆ ಏರಿತು.

ಮುಂದಿನ ಒಂದು ತಿಂಗಳು ನಮ್ಮ ಮನೆ ಮನೆಯಾಗಿ ಉಳಿಯಲಿಲ್ಲ. ಹಿತ್ತಲ ಬೇವಿನ ಮರಕ್ಕೆ ಮೊಳೆ ಹೊಡೆದು ಕುಡಿಕೆ ನೇತುಹಾಕಿ, ಕಾಯಿಸಿದ ರಾಳ ಸುರಿದು ನೋಡುತ್ತಿದ್ದೆ. ಮೊದಲನೆಯದರ ಮೈಯಿಂದ ರಾಳ ಬೆವರಿನಂತೆ ಒಸರಿ ಬುಡಕ್ಕೆಲ್ಲ ಇಳಿಯಿತು. ಮಧ್ಯಾಹ್ನದ ಬಿಸಿಲಿಗೆ ಅದು ಕರಗಿ ಹರಿದಾಗ ಓಣಿಯ ನೊಣವೆಲ್ಲ ಅಲ್ಲಿತ್ತು. ನಮ್ಮದೇ ಕೋಳಿಯೊಂದು ಕಾಳು ಕೆದರುತ್ತ ಹೋಗಿ ಅದರಲ್ಲಿ ಸಿಕ್ಕಿಕೊಂಡಿತು. ಬಿಡಿಸಲು ಎಳೆದರೆ ಚರ್ಮವೇ ಕಿತ್ತು ಬರುತ್ತಿತ್ತು. ಹೆಂಡತಿ ಕತ್ತರಿಯಿಂದ ಪುಕ್ಕ ಕತ್ತರಿಸಿ ಬಿಡಿಸಿದಳು. ಅದು ಮರುದಿನ ಸತ್ತಿತು.

ಎಣ್ಣೆ, ಬೂದಿ, ಸೀಮೆಎಣ್ಣೆ ಯಾವುದಕ್ಕೂ ಕೈಯ ಅಂಟು ಪೂರಾ ಹೋಗುತ್ತಿರಲಿಲ್ಲ. ರೊಟ್ಟಿ ಮುರಿದರೆ ರೊಟ್ಟಿಗೆ ಆ ವಾಸನೆ, ನೀರು ಕುಡಿದರೆ ನೀರಿಗೆ. ಕೈಗೇ ರೊಟ್ಟಿ ಕೊಡುತ್ತಿದ್ದ ಹೆಂಡತಿ ಈಗ ತಾಟಿನಲ್ಲಿಟ್ಟು ಸರಿಸತೊಡಗಿದಳು. ನಮ್ಮಲ್ಲಿ ಹರವಿ ಒಯ್ದಿದ್ದ ಹೆಣ್ಣುಮಗಳೊಬ್ಬಳು ಅದನ್ನು ತಲೆಯ ಮೇಲೆ ಹೊತ್ತು ತಂದು ಬಾಗಿಲಲ್ಲಿಟ್ಟಳು.

"ಇದರಾಗಿನ ನೀರು ಬಾಯಾಗ ಹಾಕಾಕ ಬರವಲ್ದು. ಏನು ಹೊಲಸ ಕಲಿಸೀರಿ ಮಣ್ಣಾಗ?" ಎಂದಳು.

ಅವ್ವನ ಮುಖ ಕಪ್ಪಿಟ್ಟಿತು. ನಮ್ಮ ಗಡಿಗೆಯನ್ನು ಜನ ವಾಪಸು ತಂದದ್ದು ಅದೇ ಮೊದಲು. ಅವಳು ನನಗೆ ಬೈಯುತ್ತಾಳೆಂದುಕೊಂಡೆ. ಆದರೆ ಅವಳು ಬೇವಿನ ಮರದ ಹತ್ತಿರ ಹೋಗಿ, ಒಸರುತ್ತಿದ್ದ ಕುಡಿಕೆಯನ್ನು ಮೂಗು ಮುಚ್ಚಿಕೊಂಡು ನೋಡಿ, "ಒಳಗ ಕೆಮ್ಮಣ್ಣು ಬಳದು ನುಣುಪುಗಲ್ಲಿಲೆ ಎರಡು ಸಲ ತಿಕ್ಕು. ಹೊಗಿಯಾಗ ಕರ್ರಗ ಸುಡು. ಲಗೂನ ಮುಗಿಸಿ ಈ ಪೀಡಾ ಹೊರಗ ಹಾಕು," ಎಂದಳು.

ಹಾಗೆ ಮಾಡಿದ ಮೇಲೆ ಒಸರುವುದು ನಿಂತಿತು. ಉಳಿದದ್ದು ನನ್ನ ತಲೆಯಿಂದ ಬಂತು. ತಿಗರಿಯಿಂದ ಇಳಿಸಿದ ಹಸಿ ಕುಡಿಕೆಯ ಒಂದು ಬದಿಯನ್ನು ಹಲಗೆಯಿಂದ ತಟ್ಟಿ ಚಪ್ಪಟೆ ಮಾಡಿದೆ, ಮರಕ್ಕೆ ಬೆನ್ನು ಕೊಟ್ಟು ಕೂತಿತು. ಬಾಯಿ ಅಗಲ, ಬುಡ ಸಣ್ಣದು, ಒಳಗಿನದು ಹಿಮಕ್ಕೆ ಹೆಪ್ಪುಗಟ್ಟಿ ಉಬ್ಬಿದರೂ ಕುಡಿಕೆ ಸೀಳದೆ ಮೇಲಕ್ಕೇರಲೆಂದು. ನೀರು ರಾಳದ ಮೇಲೆಯೇ ನಿಲ್ಲುತ್ತದಲ್ಲ, ಅದಕ್ಕೆ ಅಂಚಿನ ಕೆಳಗೊಂದು ತೂತು ಇಟ್ಟೆ, ನೀರು ತಾನೇ ಹೊರಗೆ ಹೋಯಿತು. ಕೊನೆಗೆ ರಾಳ ಇಳಿಯಲು ಮರದ ಕಡೆ ಸಂದು ಬಿಟ್ಟು, ಬಾಯಿಯ ಮೇಲೆ ಮಾಡಿನಂಥ ಒಂದು ಮಣ್ಣಿನ ಮುಚ್ಚಿಗೆ ಕೂಡಿಸಿದೆ. ಆ ಹಲ್ಲಿ ಇನ್ನೂ ನನ್ನ ಕಣ್ಣ ಮುಂದೆ ಇತ್ತು.

ತಿಂಗಳಾದ ಮೇಲೆ ಮತ್ತೆ ಬಂದ ಮುಕಾದಮ ನೋಡಿ ತೊಡೆ ತಟ್ಟಿದ. "ಬರೋಬರಿ ಆತು ನೋಡು! ಆದ್ರ ಇದರ ದುಪ್ಪಟ್ಟು ದೊಡ್ಡದು ಮಾಡು."

"ಅಷ್ಟು ದೊಡ್ಡದು ಯಾಕ್ರಿ? ಒಂದು ಗಿಡ ಅಷ್ಟು ರಾಳ ಬಿಡತೈತೇನು?"

"ಬಿಡಸೂದು ನಮಗ ಗೊತ್ತೈತಿ. ನೀ ಮಾಡು."

ಮಾಡಿದೆ. ಮಳೆಗಾಲ ಕಳೆದ ಮೇಲೆ ಕುಡಿಕೆಗಳನ್ನು ಜೋಳದ ಕಣಿಕೆಯಲ್ಲಿ ಸುತ್ತಿ ಪೆಟ್ಟಿಗೆಗೆ ತುಂಬಿ, ಒಡೆಯದಂತೆ ನೋಡಿಕೊಳ್ಳಲು ನಾನೂ ಅವನ ಜೊತೆ ಸೊಲ್ಲಾಪುರಕ್ಕೆ ಹೋಗಿ ರೈಲು ಹತ್ತಿದೆ. ನಾನು ಅಷ್ಟು ದೂರ ಹೋದದ್ದು ಅದೊಂದೇ ಸಲ.

ಕಾಡು ಮೊದಲ ನೋಟಕ್ಕೆ ಚಂದ ಕಂಡಿತು. ನೆಟ್ಟಗೆ ಎದ್ದ ಮರಗಳು, ತಂಪು ಗಾಳಿ. ಹತ್ತಿರ ಹೋದಾಗ ಮರದ ಬುಡಗಳು ಕಂಡವು. ಆಳುದ್ದಕ್ಕೆ ತೊಗಟೆ ಸುಲಿದು, ಒಳಗಿನ ಬಿಳಿ ಕಟ್ಟಿಗೆ ಕಾಣುವಂತೆ ಗೀರಿಗೆ ಗೀರು ಹಾಕಿದ್ದರು. ಮೊದಲು ಒಂದು ಕುಡಿಕೆಗೆ ಒಂದೇ ಗಾಯ ಇರುತ್ತಿತ್ತಂತೆ. ನನ್ನ ದೊಡ್ಡ ಕುಡಿಕೆ ತುಂಬಬೇಕಲ್ಲ, ಈಗ ಮೂರು ಗಾಯ ಹೊಡೆದು ಮೂರರ ಹರಿವನ್ನೂ ಒಂದಕ್ಕೇ ತಿರುಗಿಸಿದರು. ನನ್ನ ತೊಡೆಯಷ್ಟು ದಪ್ಪವೂ ಇಲ್ಲದ ಎಳೆ ಮರಗಳನ್ನೂ ಬಿಡಲಿಲ್ಲ.

ಕೆಲಸ ಮಾಡುವವರು ಆ ಗುಡ್ಡದ ಜನ. ಹೆಂಗಸರೂ ಇದ್ದರು. ಅವರ ಅಂಗೈ ಅಂಗೈಯಂತೆ ಇರಲಿಲ್ಲ. ಬಿರುಕುಗಳಲ್ಲಿ ರಾಳ ಕೂತು ಕಪ್ಪಾಗಿ, ಮಡಿಸಲು ಬಾರದ ಹಲಗೆಯಂತಾಗಿತ್ತು. ಒಬ್ಬ ಹೆಂಗಸು ಕೂದಲಿಗೆ ಅಂಟು ಹಿಡಿದು ತಲೆ ಬೋಳಿಸಿಕೊಂಡಿದ್ದಳು. ಊಟದ ಹೊತ್ತಿಗೆ ಸೀಮೆಎಣ್ಣೆಯ ಚಿಂದಿಯಲ್ಲಿ ಕೈ ಒರೆಸಿ, ಅದೇ ಕೈಯಲ್ಲಿ ರೊಟ್ಟಿ ತಿನ್ನುತ್ತಿದ್ದರು.

ಮೂರನೆಯ ವಾರ ಒಂದು ದಿನ ನೋಡಿದರೆ, ನನ್ನ ಕುಡಿಕೆಗಳ ಮೇಲಿನ ಮುಚ್ಚಿಗೆಯನ್ನೆಲ್ಲ ಸುತ್ತಿಗೆಯಿಂದ ಒಡೆದು ಹಾಕಿದ್ದರು. ಓಡಿಹೋಗಿ ಮುಕಾದಮನನ್ನು ಕೇಳಿದೆ.

"ಯಾಕ ಒಡಸಿದ್ರಿ?"

"ಇವರ ಬೆರಳು ಒಳಗ ಹೋಗವಲ್ವು. ರಾಳ ಬಳಕೊಳ್ಳೂದು ತಡಾ ಆಗಾಕತ್ತಿತ್ತು."

"ಬೆರಳು ಯಾಕ್ರಿ? ಒಂದೊಂದು ಕಬ್ಬಿಣದ ಪಟ್ಟಿ ಕೊಡ್ರಿ, ಅದರಲೆ ಕೆರಕೋತಾರ."

ಅವನು ನನ್ನನ್ನು ಹುಚ್ಚನಂತೆ ನೋಡಿದ. "ಪಟ್ಟಿ ಯಾಕ ತಮ್ಮಾ? ಬೆರಳು ಪುಕ್ಕಟ ಅದಾವಲ್ಲ."

ಆ ಹಲ್ಲಿಯನ್ನು ಕಂಡಾಗ ವಾಂತಿಯಾದರೂ ಆಗಿತ್ತು. ಈಗ ಅದೂ ಬರಲಿಲ್ಲ.

ಅದೇ ಮಧ್ಯಾಹ್ನ ಗಾಳಿ ಎದ್ದಿತು. ಎಳೆ ಮರವೊಂದು ಗಾಯದ ಮಟ್ಟಕ್ಕೆ ಲಟಕ್ಕನೆ ಮುರಿದು ಬಿತ್ತು. ತಲೆ ಬೋಳಿಸಿದ್ದ ಹೆಂಗಸು ಅದರ ಬುಡದಲ್ಲಿದ್ದವಳು ಸರಿದು ಉಳಿದುಕೊಂಡಳು, ಆದರೆ ತುಂಬಿದ ಕುಡಿಕೆ ಅವಳ ಹೆಗಲ ಮೇಲೆ ಒಡೆದು ರಾಳ ಮೈಯೆಲ್ಲ ಇಳಿಯಿತು. ಮುಕಾದಮ ಬಂದು ಮರವನ್ನು ನೋಡಿದ, ಒಡೆದ ಕುಡಿಕೆಯನ್ನು ನೋಡಿದ, ಅವಳನ್ನು ನೋಡಲಿಲ್ಲ. ಉಳಿದ ಮೊಳೆ ಕಿತ್ತು ಪಕ್ಕದ ಮರಕ್ಕೆ ಹೊಡೆಯಲು ಹೇಳಿ ಹೋದ.

ನಾನು ಚಿಂದಿ ತಂದು ಕೊಟ್ಟೆ. ಅವಳು ಕತ್ತು ಒರೆಸಿಕೊಳ್ಳುತ್ತ ಹಿಂದಿಯಂಥ ತನ್ನ ಮಾತಿನಲ್ಲಿ ಏನೋ ಕೇಳಿದಳು. ಮರಾಠಿ ಬಲ್ಲ ನನಗೆ ಅದರ ಅರ್ಥ ಹೊಳೆಯಿತು. ಮೊದಲಿನ ಸಣ್ಣ ಕುಡಿಕೆ ಹಗುರಿತ್ತು, ಇಷ್ಟು ಭಾರದ್ದನ್ನು ಮಾಡಿದವನು ಯಾರು ಎಂದು ಕೇಳುತ್ತಿದ್ದಳು.

"ಗೊತ್ತಿಲ್ಲ," ಎಂದು ತಲೆ ಅಲ್ಲಾಡಿಸಿದೆ.

ನನ್ನ ಬದುಕಿನಲ್ಲಿ ಸುಳ್ಳು ಬೇಕಾದಷ್ಟು ಹೇಳಿದ್ದೇನೆ. ಅದರಷ್ಟು ಹೊಲಸು ಸುಳ್ಳು ಇನ್ನೊಂದಿಲ್ಲ. ಮರುದಿನವೇ ಊರಿನ ದಾರಿ ಹಿಡಿದೆ.

ಮನೆಗೆ ಬಂದು ಎಲ್ಲವನ್ನೂ ಹೆಂಡತಿಗೆ, ಅವ್ವನಿಗೆ ಹೇಳಿದೆ, ಆ ಸುಳ್ಳನ್ನು ಬಿಟ್ಟು. ಅದನ್ನು ಹೆಂಡತಿಗೆ ಹೇಳಲು ಎರಡು ವರ್ಷ ಬೇಕಾಯಿತು.

ಮರು ಬೇಸಗೆಗೆ ಮುಕಾದಮ ಮತ್ತೆ ಬಂದ, ನಗುನಗುತ್ತ. ಅವ್ವ ಮಾತ್ರ ಮರ್ಯಾದೆಗೆಂದು "ಬರ್ರಿ, ಕುಂದ್ರಿ" ಎಂದಳು.

"ಈ ಸಲ ಇನ್ನೂ ಭಾಳ ಬೇಕು," ಎಂದ. "ಮುಚ್ಚಿಗಿ ಬ್ಯಾಡ."

"ನಾ ಮಾಡಂಗಿಲ್ರಿ."

"ಯಾಕ? ಇನ್ನೂ ಹೇಸಿಗಿ ಬರತೈತೇನು ರಾಳ ಅಂದ್ರ?"

"ನಿಮ್ಮ ಕೆಲಸಾ ಕಂಡ್ರ ಹೇಸಿಗಿ ಬರತೈತಿ. ಅದರಾಗ ನಾ ಕೈ ಹಾಕಿದ್ದಕ್ಕೂ ಬರತೈತಿ."

ಅವನ ನಗು ನಿಂತಿತು. "ನೀ ಒಬ್ಬಾಂವ ಇಲ್ಲಂದ್ರ ಕಾಡು ಉಳೀತೈತೇನು?" ಎಂದವನು ಕಟ್ಟೆಯ ಮೇಲಿದ್ದ ಮಾದರಿ ಕುಡಿಕೆಯನ್ನು ಕಂಕುಳಲ್ಲಿ ಇಟ್ಟುಕೊಂಡು ಎದ್ದು ಹೋದ. ನಾನು ತಡೆಯಲಿಲ್ಲ. ತಡೆಯಬೇಕಿತ್ತು.

ವಿಜಾಪುರದ ಕಡೆಯ ಕುಂಬಾರನೊಬ್ಬ ಅದನ್ನು ನೋಡಿ ಹಾಗೆಯೇ ಮಾಡಿಕೊಟ್ಟನೆಂದು ಆಮೇಲೆ ಕೇಳಿದೆ. ನಾನು ಇಲ್ಲವೆಂದಿದ್ದರಿಂದ ಒಂದು ಮರವೂ ಉಳಿಯಲಿಲ್ಲ, ಒಂದು ಬೆರಳೂ ಉಳಿಯಲಿಲ್ಲ. ಚಪ್ಪಟೆ ಬೆನ್ನು, ನೀರಿನ ತೂತು, ದೊಡ್ಡ ಹೊಟ್ಟೆ, ನಾನು ಮಾಡಿಕೊಟ್ಟಿದ್ದೆಲ್ಲ ಅವರ ಕೈಗೆ ಹೋಗಿತ್ತು. ಮುಚ್ಚಿಗೆ ಒಂದನ್ನು ಬಿಟ್ಟು.

ಮನೆಯಲ್ಲಿ ಉಳಿದಿದ್ದ ಹತ್ತಾರು ಕುಡಿಕೆಗಳನ್ನು ಅವ್ವ ಯಾರಿಗಾದರೂ ಕೊಡೋಣ ಎಂದಳು. ಮಾಡಗ್ಯಾಳ ಊರಿನ ಕುರುಬರು ಕುರಿಮರಿಗಳಿಗೆ ನೀರಿಡಲು ಕೇಳಿದ್ದರಂತೆ. ನಾನು ಒಪ್ಪಲಿಲ್ಲ. ಹೆಂಡತಿ ಒಂದೊಂದನ್ನೇ ತಂದು ನನ್ನ ಮುಂದಿಟ್ಟಳು. ಮಣ್ಣು ತೆಗೆಯುವ ಗುಂಡಿಯ ದಂಡೆಯಲ್ಲಿ ಕೂತು ಎಲ್ಲವನ್ನೂ ಒಡೆದೆ.