ಒಬ್ಬನಿಗಾಗುವಷ್ಟು ಕರೆಂಟು

ಕ್ಯಾಸಂಬಳ್ಳಿಯಿಂದ ಇನ್ನೂ ಒಳಗೆ, ಅಪ್ಪನ ಪಾಲಿಗೆ ಬಂದ ಒಂದು ತುಂಡು ಹೊಲದಲ್ಲಿ ಒಂದು ಕೋಣೆ ಕಟ್ಟಿಸಿದ್ದೇನೆ. ಸಿಮೆಂಟು ಇಟ್ಟಿಗೆಯ ಗೋಡೆ, ಮೇಲೆ ಶೀಟು, ಒಂದು ಬಾಗಿಲು, ಎರಡು ಕಿಟಕಿ. ನನಗೆ ಕೆಲಸ ಕೆಜಿಎಫ್‌ನ ಕಾರ್ಖಾನೆಯೊಂದರ ಆಫೀಸಿನಲ್ಲಿ, ಮನೆ ಊರಿಗಾಂನ ಗಣಿ ಲೈನಿನ ಸಾಲುಮನೆಯಲ್ಲಿ. ಅಲ್ಲಿ ಗೋಡೆಗೆ ಗೋಡೆ ಅಂಟಿಕೊಂಡಿದೆ. ಒಂದು ಮನೆಯ ಕುಕ್ಕರು ಕೂಗಿದರೆ ಪಕ್ಕದ ಮನೆಯವರು ಒಲೆ ಆರಿಸಲು ಏಳುತ್ತಾರೆ. ಶನಿವಾರ ಹೋಗಿ ಭಾನುವಾರ ಇದ್ದು ಬರುವುದಕ್ಕೆ, ಓದಿಕೊಳ್ಳುವುದಕ್ಕೆ, ನಾಲ್ಕು ಸಾಲು ಬರೆಯುವುದಕ್ಕೆ ನನ್ನದೇ ಒಂದು ಜಾಗ ಬೇಕು ಅನ್ನುವುದು ಬಹಳ ವರ್ಷದ ಆಸೆ.

ನಮ್ಮ ವಂಶದಲ್ಲಿ ಡಿಗ್ರಿ ಮುಗಿಸಿದವರಲ್ಲಿ ನಾನೇ ಮೊದಲು. ಬೆಳಗಿನ ಜಾವ ಟೊಮೊಟೊ ಮಂಡಿಯಲ್ಲಿ ಕ್ರೇಟು ಹೊತ್ತು, ಅದೇ ಅಂಗಿಯಲ್ಲಿ ಕಾಲೇಜಿಗೆ ಹೋಗಿ, ವಾಸನೆ ಯಾರಿಗೂ ಬಡಿಯದಿರಲಿ ಅಂತ ಹಿಂದಿನ ಬೆಂಚಿನಲ್ಲಿ ಕೂತು ಪಾಸಾದವನು. ಆ ಹೆಮ್ಮೆ ನನಗಿದೆ, ಮುಚ್ಚಿಡುವುದಿಲ್ಲ. ಓದಿದವನಿಗೆ ಓದಲೊಂದು ಕೋಣೆ ಇರಬೇಕು ಅನ್ನುವುದು ಆ ಹೆಮ್ಮೆಯ ಜೊತೆಗೇ ಬೆಳೆದ ಮಾತು.

ಕೋಣೆ ಎದ್ದಿತು, ಕರೆಂಟು ಬರಲಿಲ್ಲ. ಕಂಬಗಳು ಊರಿನ ಕೊನೆಯ ಮನೆಗೇ ನಿಂತಿವೆ. ಒಂದು ಸೋಲಾರ್ ದೀಪ ತಂದಿಟ್ಟೆ. ಮೋಡದ ದಿನ ಅದು ಮಿಣುಕು ಹುಳದ ಹಾಗೆ. ಬೇಸಿಗೆಯಲ್ಲಿ ಶೀಟಿನ ಕೆಳಗೆ ಫ್ಯಾನಿಲ್ಲದೆ ಕೂರುವ ಹಾಗಿಲ್ಲ. ಲ್ಯಾಪ್‌ಟಾಪು ಊಟದ ಹೊತ್ತಿಗೆಲ್ಲ ಸತ್ತುಹೋಗುತ್ತಿತ್ತು. ಜನರೇಟರ್ ತರುತ್ತೇನೆ ಅಂದಾಗ ಹೆಂಡತಿ, "ಒಬ್ರೇ ಕೂತ್ಕೊಳ್ಳೋಕೆ ಒಂದು ಮನೆ, ಆ ಮನೆಗೊಂದು ಕರೆಂಟ್ ಆಫೀಸು" ಅಂದಳು. ನಕ್ಕುಬಿಟ್ಟೆ. ಅವಳು ಹೇಳಿದ್ದರಲ್ಲಿ ಮೊದಲನೇ ಪದ ನನ್ನ ಕಿವಿಗೆ ಬೀಳಬೇಕಿತ್ತು.

ನಾನು ಏನು ಕೊಂಡರೂ ಪರೀಕ್ಷೆಗೆ ಓದಿದ ಹಾಗೆ ಓದಿ ಕೊಳ್ಳುವವನು. ಬರೀ ಪೆಟ್ರೋಲಿನದು ಬೇಡ ಅಂತ ಮೊದಲೇ ತೀರ್ಮಾನಿಸಿದೆ. ವಾರಗಟ್ಟಲೆ ಓಡಿಸದೆ ಇಟ್ಟರೆ ಪೆಟ್ರೋಲು ಹಳಸಿ ಕಾರ್ಬೊರೇಟರಿನಲ್ಲಿ ಅಂಟು ಕಟ್ಟುತ್ತದೆ. ಕ್ಯಾನಿನಲ್ಲಿ ತುಂಬಿಕೊಂಡು ಬಸ್ಸು ಹತ್ತುವ ಹಾಗೂ ಇಲ್ಲ. ಗ್ಯಾಸು ಎಷ್ಟು ದಿನ ಇಟ್ಟರೂ ಕೆಡುವುದಿಲ್ಲ, ಹೊಗೆ ಕಡಿಮೆ. ಆದರೆ ಸಿಲಿಂಡರು ಮುಗಿದ ದಿನ ಏನು ಮಾಡುವುದು? ಅದಕ್ಕೇ ಎರಡರಲ್ಲೂ ಓಡುವಂಥದ್ದು ನೋಡಿದೆ. ಗುಂಡಿ ಈ ಕಡೆ ತಿರುಗಿಸಿದರೆ ಪೆಟ್ರೋಲು, ಆ ಕಡೆ ತಿರುಗಿಸಿದರೆ ಗ್ಯಾಸು. ಕೋಣೆಯ ಒಳಗೆ ಇಡಬಾರದು, ಅದರ ಹೊಗೆ ವಾಸನೆಯಿಲ್ಲದೆ ಕೊಲ್ಲುತ್ತದೆ ಅನ್ನುವುದನ್ನೂ ಓದಿಕೊಂಡು, ಹೊರಗೆ ಚಪ್ಪಡಿ ಹಾಸಿಸಿದೆ. ಇಷ್ಟೆಲ್ಲ ತಿಳಿದುಕೊಂಡೆ ನಾನು.

ಬಂಗಾರಪೇಟೆಯ ಅಂಗಡಿಯಲ್ಲಿ ಅಂಥವು ಎರಡಿದ್ದವು. ಒಂದು ದೊಡ್ಡದು, ಕಬ್ಬಿಣದ ಚೌಕಟ್ಟು, ಕೆಳಗೆ ಚಕ್ರ. ಅಂಗಡಿಯವನು ಅದನ್ನು ಚಾಲೂ ಮಾಡಿದಾಗ ಎದುರಿನ ಬೇಕರಿಯವನು ಬಂದು ಇಣುಕಿದ. ಇನ್ನೊಂದು ಚಿಕ್ಕದು, ಹಿಡಿ ಹಿಡಿದು ಎತ್ತಬಹುದು, ಸದ್ದು ಹೊಲಿಗೆ ಮಿಷನ್ನಿಗಿಂತ ಸ್ವಲ್ಪ ಜಾಸ್ತಿ ಅಷ್ಟೆ.

"ಮೋಟರ್ ಗೀಟರ್ ಏನಾದ್ರೂ ಓಡಿಸೋದಿದ್ಯಾ ಸಾರ್?" ಅಂತ ಅಂಗಡಿಯವನು ಕೇಳಿದ. "ಇದ್ರೆ ದೊಡ್ಡದೇ ತಗೊಳ್ಳಿ. ಮೋಟರ್ ಏಳೋವಾಗ ಮೂರು ಪಟ್ಟು ಎಳೀತದೆ. ಗ್ಯಾಸಲ್ಲಿ ಓಡಿಸಿದ್ರೆ ದಮ್ಮು ಇನ್ನೂ ಸ್ವಲ್ಪ ಕಮ್ಮಿ."

"ಇಲ್ಲ, ಇಲ್ಲ. ಒಂದು ಫ್ಯಾನು, ಲೈಟು, ಲ್ಯಾಪ್‌ಟಾಪು. ಸದ್ದಿರಬಾರದು, ನಾನು ಓದೋದು."

"ಹಂಗಾದ್ರೆ ಚಿಕ್ಕದು ನಿಮಗೆ ಹೇಳಿ ಮಾಡಿಸಿದಂಗೈತೆ ಸಾರ್" ಅಂದ. ಅವನು ಸಾರ್ ಅಂದದ್ದೂ ಹಿತವಾಗಿತ್ತು.

ಈಗ ಚಿಕ್ಕಮ್ಮನ ಮಾತು ಹೇಳಬೇಕು. ಅಪ್ಪನ ತಮ್ಮನ ಹೆಂಡತಿ. ಅವರ ಹೊಲ ನಮ್ಮ ಹೊಲಕ್ಕೆ ಅಂಟಿಕೊಂಡೇ ಇದೆ. ಹೊಲದಲ್ಲೇ ಮನೆ, ಅದಕ್ಕೂ ಕರೆಂಟಿಲ್ಲ. ಚಿಕ್ಕಪ್ಪ ಕೂಲಿಗೆ ಹೋಗುತ್ತಾರೆ, ಹಸುಗಳು ಚಿಕ್ಕಮ್ಮನ ಪಾಲು. ದಿನಾ ಸೀಮೆಹುಲ್ಲನ್ನು ಕೊರಡಿನ ಮೇಲಿಟ್ಟು ಮಚ್ಚಿನಲ್ಲಿ ಕತ್ತರಿಸಿ ಕತ್ತರಿಸಿ ಅವರ ಬಲಭುಜ ಹೋಗಿದೆ. ಸೆರಗು ಸರಿಮಾಡಿಕೊಳ್ಳಬೇಕಾದರೂ ಎಡಗೈ. ಮೇವು ಕತ್ತರಿಸುವ ಮೋಟರ್ ಮಿಷನ್ನೊಂದು ಸಬ್ಸಿಡಿಯಲ್ಲಿ ಬಂದಿತ್ತು. ಕರೆಂಟೇ ಇಲ್ಲದ ಮನೆಗೆ ಬಂದ ಅದು ಕೊಟ್ಟಿಗೆಯ ಮೂಲೆಯಲ್ಲಿ ಗೋಣಿಚೀಲ ಹೊದ್ದು ಕೂತಿದೆ. ಅದರ ಮೇಲೆ ಕೋಳಿ ಮಲಗುತ್ತದೆ.

ನಮ್ಮ ಕಡೆ ಮುಯ್ಯಾಳು ಅಂತಿದೆ. ನಿಮ್ಮ ಹೊಲಕ್ಕೆ ನಾನು, ನನ್ನ ಹೊಲಕ್ಕೆ ನೀವು. ಅದಕ್ಕೆ ಕರೆಯೋದಿಲ್ಲ, ಕೇಳೋದಿಲ್ಲ. ಕೆಲಸ ಕಂಡವರು ಬಂದು ನಿಲ್ಲುತ್ತಾರೆ. ನನ್ನ ಕೋಣೆಯ ಗೋಡೆಗೆ ವಾರಗಟ್ಟಲೆ ಬಿಂದಿಗೆಯಲ್ಲಿ ನೀರು ಹೊತ್ತು ಹಾಕಿದ್ದು ಚಿಕ್ಕಮ್ಮ. ನಾನು ಕೆಜಿಎಫ್‌ನಲ್ಲಿದ್ದೆ. ನಾನು ಹಾಕಿ ಅನ್ನಲಿಲ್ಲ, ಅವರು ಹಾಕಿದೆ ಅನ್ನಲಿಲ್ಲ. ಗೋಡೆ ಬಿರುಕು ಬಿಡದೆ ನಿಂತಿತು, ಅಷ್ಟೆ.

ಅಂಗಡಿಯಲ್ಲಿ ಆ ಮಿಷನ್ನು ನನ್ನ ನೆನಪಿಗೇ ಬರಲಿಲ್ಲ. ಬಂದು, ನನಗ್ಯಾಕೆ ಅಂತ ತಳ್ಳಿದ್ದರೆ ಕೆಟ್ಟವನು ಅನ್ನಿಸಿಕೊಳ್ಳುತ್ತಿದ್ದೆ. ನೆನಪಿಗೇ ಬರದಿದ್ದವನನ್ನು ಏನನ್ನಬೇಕೋ ಗೊತ್ತಿಲ್ಲ.

ಆ ಭಾನುವಾರ ಆಟೋದಲ್ಲಿ ಜನರೇಟರನ್ನೂ ಸಿಲಿಂಡರನ್ನೂ ಹಾಕಿಕೊಂಡು ಹೊಲಕ್ಕೆ ಹೋದೆ. ಇಳಿಯುವಾಗಲೇ ಕಂಡಿತು: ಚಿಕ್ಕಮ್ಮನ ಕೊಟ್ಟಿಗೆಯಿಂದ ನನ್ನ ಕೋಣೆಯವರೆಗೆ, ಬೇಲಿಯ ಕಡ್ಡಿಗಳಿಗೆ ಕಟ್ಟಿಕೊಂಡು ಬಂದ ಹೊಸ ಕಪ್ಪು ವೈರು. ಅದರ ತುದಿಯ ಪ್ಲಗ್ಗಿಗೆ ಮಣ್ಣು ತಾಗದಿರಲಿ ಅಂತ ಪ್ಲಾಸ್ಟಿಕ್ ಕವರು ಸುತ್ತಿ ನನ್ನ ಕಿಟಕಿಯ ಸರಳಿಗೆ ಸಿಕ್ಕಿಸಿದ್ದರು. ಅಲ್ಲಿ ಐದಾರು ಜನ ಸೇರಿದ್ದರು. ಚಿಕ್ಕಮ್ಮನ ಕೈಯಲ್ಲಿ ತಟ್ಟೆ. ಅರಿಶಿನ, ಕುಂಕುಮ, ನಿಂಬೆಹಣ್ಣು, ಕರ್ಪೂರ.

"ಬಂದ್ಯಾ ನಾಯ್ನಾ? ನೀನು ಮಿಷನ್ ತತ್ತೀಯ ಅಂತ ನಿನ್ನೆಂಡ್ರು ಫೋನಾಗೆ ಹೇಳಿದ್ಲು. ವೈರು ಎಳೆಸಿ ಮಡಗಿದ್ದೀನಿ. ನೀನು ಬಂದ್ಮೇಲೆ ಅದಕ್ಕೆಲ್ಲ ಯಾಕೆ ತೊಂದ್ರೆ ಕೊಡ್ಬೇಕು."

ವೈರು ಆ ಮೇವಿನ ಮಿಷನ್ನಿಗೆ ಅಂತ ಆಗ ನನಗೆ ಅರ್ಥವಾಯಿತು. ಆಗಲೇ ಹೇಳಬಹುದಿತ್ತು. ನಾನು ಹೇಳಿದ್ದು, "ಚಿಕ್ಕಮ್ಮ, ಗ್ಯಾಸಿದೆ, ಕರ್ಪೂರ ಮಾತ್ರ ಹತ್ರ ತರಬೇಡಿ."

"ಅಯ್ಯೋ ಹೌದಾ? ಸರಿ ಬಿಡು, ನನ್ನ ಮಿಷನ್ನಿಗೇ ಬೆಳಗಿಬಿಟ್ಟು ಬತ್ತೀನಿ." ಕೊಟ್ಟಿಗೆಗೆ ಹೋಗಿ ಬೆಳಗಿ ಬಂದರು. ಜನರೇಟರಿಗೆ ಕುಂಕುಮ ಇಟ್ಟು, ಮುಂದೆ ನಿಂಬೆಹಣ್ಣು ಇಟ್ಟರು.

ದೂರದ ಸಂಬಂಧದ ಮಾವ ಒಬ್ಬರು ಬೇಲಿಯ ಹತ್ತಿರ ಬೀಡಿ ಸೇದುತ್ತ ನಿಂತಿದ್ದರು. "ಏನ್ಲಾ ಅಳಿಯಾ, ಸೂಟ್‌ಕೇಸು ಇಳಿಸಿದೆ, ಜನರೇಟರ್ ಹಿಂದ್ಲ ಆಟೋದಾಗ ಬತ್ತೈತಾ?"

ಎಲ್ಲರೂ ನಕ್ಕರು. ಚಿಕ್ಕಮ್ಮ ಬಿಡಲಿಲ್ಲ. "ಸುಮ್ಕಿರಣ್ಣ ನೀನು. ಓದಿರೋನು ತಂದವ್ನೆ. ಇವಾಗೆಲ್ಲ ಚಿಕ್ಕದ್ರಾಗೇ ಜಾಸ್ತಿ ದಮ್ಮು. ಫೋನ್ ನೋಡು, ಎಷ್ಟೈತೆ, ಏನೇನ್ ಮಾಡ್ತದೆ."

ಹಗ್ಗ ಎಳೆದೆ, ಇಂಜಿನ್ನು ಮೆತ್ತಗೆ ಓಡಿತು. ಫ್ಯಾನು ತಿರುಗಿತು. ಎಲ್ಲರ ಮುಖ ನನ್ನ ಕಡೆ. ಚಿಕ್ಕಮ್ಮನ ಪ್ಲಗ್ಗನ್ನು ನಾನೇ ನನ್ನ ಕೈಯಾರ ಚುಚ್ಚಿದೆ. ಏಳುವುದಿಲ್ಲ ಅಂತ ಗೊತ್ತಿದ್ದೂ ಚುಚ್ಚಿದೆ. ಆ ಅಂಗಡಿಯವನು ತಪ್ಪು ಹೇಳಿರಬಹುದು ಅನ್ನುವ ಒಂದು ಆಸೆ. ಆ ಕಡೆ ಕೊಟ್ಟಿಗೆಯಲ್ಲಿ ಮಿಷನ್ನು ಒಮ್ಮೆ "ಊಂ" ಅಂತ ನರಳಿತು. ಫ್ಯಾನು ನಿಂತಿತು. ಜನರೇಟರಿನ ಮೈಮೇಲೆ ಕೆಂಪು ದೀಪ ಹತ್ತಿತು. ಇಂಜಿನ್ನು ಮಾತ್ರ ಏನೂ ಆಗದವರ ಹಾಗೆ ಓಡುತ್ತಲೇ ಇತ್ತು. ಆರಿಸಿ ಮತ್ತೆ ಹಚ್ಚಿದೆ. ಪೆಟ್ರೋಲಿಗೆ ತಿರುಗಿಸಿಯೂ ನೋಡಿದೆ. ಮತ್ತದೇ ನರಳಾಟ, ಮತ್ತದೇ ಕೆಂಪು.

"ನಿನ್ನ ಮಿಷನ್ನಾಗೆ ಕೋಳಿ ಮೊಟ್ಟೆ ಇಕ್ಕೈತೇನೋ ನೋಡಮ್ಮ" ಅಂದರು ಮಾವ.

"ನನ್ನದೇ ಸರಿಯಿಲ್ಲ ಕಣಣ್ಣ" ಅಂದರು ಚಿಕ್ಕಮ್ಮ. "ಇಷ್ಟು ದಿನ ಗೋಣಿಚೀಲದಾಗೆ ಮಡಗಿದ್ನಲ್ಲ, ಕಚ್ಕೊಂಡ್ಬುಟ್ಟೈತೆ. ಪಾಪ, ಅವನ ಹೊಸಾ ಮಿಷನ್ ಕೆಟ್ಟೋಯ್ತೇನೋ ಅಂತ ನಂಗೆ ಎದೆ ಒಡ್ಕೊಂಬುಡ್ತು." ನನ್ನ ಕಡೆ ತಿರುಗಿ, "ಏನೂ ಆಗಿಲ್ಲ ತಾನೆ ನಾಯ್ನಾ? ನಾಳೆ ಬೇತಮಂಗಲದಿಂದ ಮೆಕ್ಯಾನಿಕ್ಕನ್ನ ಕರ್ಸಿ ನನ್ನದ ಬಿಚ್ಚಿಸ್ತೀನಿ" ಅಂದರು.

ನಾನು "ಹೂಂ" ಅಂದೆ. ಆ ಒಂದು ಹೂಂ ನೆನೆದರೆ ಈಗಲೂ ಮೈ ಮುದುಡುತ್ತದೆ. ಸುತ್ತ ನಿಂತವರ ಮುಂದೆ ನನ್ನ ಓದಿಗೆ ಬಂದ ಮರ್ಯಾದೆ ಉಳಿಯಲಿ ಅಂತ, ಒಂದು ದಿನವೂ ಓಡದ, ಏನೂ ತಪ್ಪಿಲ್ಲದ ಮಿಷನ್ನಿನ ಮೇಲೆ ತಪ್ಪು ಕೂರಲು ಬಿಟ್ಟೆ.

ಜನ ಕರಗಿದರು. ಚಿಕ್ಕಮ್ಮನ ಪ್ಲಗ್ಗು ಕಿತ್ತು, ಕೋಣೆಯೊಳಗೆ ಫ್ಯಾನು ಹಾಕಿಕೊಂಡು ಪುಸ್ತಕ ತೆರೆದೆ. ಫ್ಯಾನು ಚೆನ್ನಾಗಿ ತಿರುಗುತ್ತಿತ್ತು, ಸದ್ದು ಇರಲೇ ಇಲ್ಲ ಅನ್ನಬೇಕು. ಸದ್ದಿಲ್ಲದ್ದರಿಂದಲೇ ಕೊಟ್ಟಿಗೆಯ ಕಡೆಯ ಮಚ್ಚಿನ ಏಟು ಒಂದೊಂದೂ ಕೇಳುತ್ತಿತ್ತು. ಟಕ್, ಆಮೇಲೆ ಸ್ವಲ್ಪ ಹೊತ್ತು ಏನಿಲ್ಲ. ಭುಜಕ್ಕೆ ಬಿಡುವು ಕೊಡುತ್ತಿದ್ದರು. ಮತ್ತೆ ಟಕ್. ಒಂದು ಪುಟವೂ ದಾಟಲಿಲ್ಲ. ಜನರೇಟರ್ ಆರಿಸಿ ಎದ್ದು ಹೋದೆ.

"ಚಿಕ್ಕಮ್ಮ, ಮೆಕ್ಯಾನಿಕ್ಕನ್ನ ಕರೀಬೇಡಿ. ನಿಮ್ಮ ಮಿಷನ್ನು ಸರಿಯಾಗೇ ಇದೆ. ನಾನು ತಂದಿರೋದು ಚಿಕ್ಕದು. ಅದಕ್ಕೆ ಮೋಟರ್ ಎತ್ತೋ ಶಕ್ತಿ ಇಲ್ಲ."

ಮಚ್ಚು ನಿಂತಿತು. "ಅಂಗಡಿಯೋನು ಮೋಸ ಮಾಡಿದ್ನಾ?"

ಅಲ್ಲೂ ಒಂದು ದಾರಿ ತೆರೆದುಕೊಂಡಿತ್ತು. ಹೌದು ಅಂದಿದ್ದರೆ ಅವರೇ ನನ್ನ ಪರವಾಗಿ ಅವನನ್ನು ಬಯ್ಯುತ್ತಿದ್ದರು.

"ಇಲ್ಲ. ಮೋಟರ್ ಇದ್ಯಾ ಅಂತ ಕೇಳಿದ. ನಾನೇ ಇಲ್ಲ ಅಂದೆ."

"ಇಲ್ಲ ಅಂದ್ಯಾ?" ಸ್ವರ ಏರಲಿಲ್ಲ. "ಬಂದಾಗೆಲ್ಲ ಇದರ ಪಕ್ಕದಾಗೆ ಕೂತು ಕಾಫಿ ಕುಡೀತೀಯಲ್ಲಪ್ಪ."

ಯಾವಾಗಲೂ ಪ್ರೀತಿಯಿಂದ ಕರೆಯುವ ಹಾಗೆ ನಾಯ್ನಾ ಅನ್ನಲಿಲ್ಲ ಅನ್ನುವುದನ್ನು ಗಮನಿಸಿದೆ. "ಬದಲಾಯಿಸಿ ದೊಡ್ಡದು ತರ್ತೀನಿ" ಅಂದೆ.

"ಬ್ಯಾಡ. ನಿಂಗೆ ಬೇಕಾದ್ದು ನೀನು ತಂದ್ಕೊಂಡಿದ್ದೀಯ. ನಾನೇ ದಡ್ಡಿ, ವೈರು ಎಳೆಸ್ದೆ." ಮಚ್ಚನ್ನು ಕೊರಡಿಗೆ ಕಚ್ಚಿಸಿ, ಎಡಗೈಯಲ್ಲಿ ಬಲಭುಜ ಹಿಡಿದುಕೊಂಡು ಒಳಗೆ ಹೋದರು. ಬಯ್ದಿದ್ದರೆ ತಡೆದುಕೊಳ್ಳುತ್ತಿದ್ದೆ.

ಅಲ್ಲಿಂದ ಹೋಗಲು ಆಗಲಿಲ್ಲ. ಹುಲ್ಲಿನ ಹೊರೆ ಅರ್ಧ ಹಾಗೇ ಬಿದ್ದಿತ್ತು. ಕೂತು ಮಚ್ಚು ಕಿತ್ತುಕೊಂಡೆ. ಕ್ರೇಟು ಹೊತ್ತ ಕೈ ಇದು, ಆದರೆ ಬಹಳ ವರ್ಷದಿಂದ ಪೆನ್ನಿಗಿಂತ ಭಾರದ್ದು ಹಿಡಿದಿಲ್ಲ. ಸ್ವಲ್ಪ ಹೊತ್ತಿಗೇ ಅಂಗೈಯಲ್ಲಿ ಬೊಬ್ಬೆ ಎದ್ದಿತು. ಬಿಡಲಿಲ್ಲ.

ಚಿಕ್ಕಮ್ಮ ಹಾಲಿನ ಕ್ಯಾನು ತೊಳೆದುಕೊಂಡು ಹೊರಗೆ ಬಂದರು. ನಿಂತು ನೋಡಿದರು. ಏಳು ಅನ್ನಲಿಲ್ಲ, ಸಾಕು ಬಿಡು ಅನ್ನಲಿಲ್ಲ. ನಾನು ಕತ್ತರಿಸಿದ್ದರಲ್ಲಿ ಒಂದು ಹಿಡಿ ಎತ್ತಿ ನೋಡಿ ನನ್ನ ಮುಂದೆ ಹಾಕಿದರು.

"ಇಷ್ಟುದ್ದ ಇಕ್ಕಿದ್ರೆ ಎಲೆ ತಿಂದು ದಂಟು ತುಳಿದಾಕ್ತವೆ. ಇನ್ನೂ ಸಣ್ಣಕ್ಕೆ ಕತ್ತರ್ಸು."

ಅವನ್ನೆಲ್ಲ ಮತ್ತೆ ಕೊರಡಿನ ಮೇಲಿಟ್ಟೆ. ಅವರು ಹಾಲು ಕರೆಯಲು ಕೂತರು, ನನ್ನ ಕಡೆ ಬೆನ್ನು ಮಾಡಿ.