ಮಿಸ್ತ್ರಿಯ ಕಿಸೆಯಲ್ಲಿ ಒಂದೇ ಚಾವಿ

ಸಾವಕಾರರು ಬೆಳಗಾವಿಯಿಂದ ತಂದ ಸೆಕೆಂಡ್‌ಹ್ಯಾಂಡ್ ಕಾರಿನ ಹ್ಯಾಂಡ್‌ಬ್ರೇಕನ್ನು ಮಾರಿದವನೇ ಕಿತ್ತಿಟ್ಟುಕೊಂಡಿದ್ದಾನೆ ಎಂದು ಜಾವೇದ ಎಂಟು ದಿನ ನಂಬಿದ್ದ. ಎರಡು ಸೀಟಿನ ನಡುವೆ ಎಳೆಯುವ ದಾಂಡೇ ಇರಲಿಲ್ಲ. ಮಾಲೀಕರ ಎದೆ ಒಡೆಯುವುದು ಬೇಡವೆಂದು ಸುಮ್ಮನಿದ್ದು, ನಿಲ್ಲಿಸಿದಲ್ಲೆಲ್ಲ ಇಳಿದು ಹಿಂದಿನ ಗಾಲಿಗೆ ಕಲ್ಲು ಕೊಡುತ್ತಿದ್ದ. ಕೊನೆಗೆ ಡಿಕ್ಕಿಯಲ್ಲಿ ಕಲ್ಲು ಕಂಡ ಮಹಾಂತಪ್ಪ ಸಾವಕಾರರೇ ಸ್ಟೇರಿಂಗ್ ಪಕ್ಕದ ಬಟನ್ ತೋರಿಸಿದರು. ಒತ್ತಿದರೆ ಹಿಂದಿನ ಗಾಲಿಯೊಳಗಿನ ಮೋಟರು ಗುಂಯ್ ಎಂದು ತಾನೇ ಬ್ರೇಕ್ ಬಿಗಿಯುತ್ತಿತ್ತು. ಜಾವೇದ ಆ ಕಾರಿನ ಡ್ರೈವರ್. ಅದಕ್ಕೇ ಸಂಬಳ ತಗೊಳ್ಳುತ್ತಿದ್ದವನು.

ಅದು ಎರಡು ಸಾವಿರದ ಒಂಬತ್ತರ ಬೇಸಿಗೆ. ಜೊಯಿಡಾ ದಾರಿಯ ಇಳಿಜಾರಿನಲ್ಲಿ ಹಿಂದಿನ ಬ್ರೇಕು ಕಿರ್ರೆನ್ನತೊಡಗಿತು. ಪ್ಯಾಡು ಸವೆದಿತ್ತು. ಜಾವೇದ ಗಾಡಿಯನ್ನು ಅಂಬೇವಾಡಿಯ ರೊಜಾರಿಯೊ ಮಿಸ್ತ್ರಿಯ ತಗಡಿನ ಶೆಡ್ಡಿಗೆ ಒಯ್ದ.

ಮೂವತ್ತು ವರ್ಷ ಮರ ಸಾಗಿಸುವ ನಾಟಾ ಲಾರಿ, ಟೆಂಪೊ, ಜೀಪುಗಳ ಕೆಳಗೆ ಮಲಗಿದವನು ರೊಜಾರಿಯೊ. ಮಾತು ಮೆತ್ತಗೆ; ಬ್ರೇಕಿನ ವಿಷಯ ಬಂದರೆ ಮಾತ್ರ ಮೈಮೇಲೆ ಬಂದಂತಾಡುತ್ತಿದ್ದ. ಸವೆದ ಪ್ಯಾಡಿನಲ್ಲೇ ಓಡಿಸಿಕೊಂಡು ಬಂದವರಿಗೆ, "ಇದರಾಗ ನಿಮ್ಮ ಹೆಂಡ್ತಿ ಮಕ್ಕಳನ್ನೂ ಕೂಡಿಸ್ತೀರೇನ್ರಿ?" ಎಂದು ಕೇಳಿಯೇ ಕೆಲಸಕ್ಕೆ ಕೈ ಹಾಕುವವನು. ಎಡಗೈಯ ನಡುಬೆರಳನ್ನು ಡಿಸ್ಕಿನ ಮೇಲೆ ಒಮ್ಮೆ ಆಡಿಸಿದರೆ ಸಾಕು, ಎಲ್ಲಿ ಗೀರಿದೆ, ಇನ್ನೆಷ್ಟು ದಿನ ಬಾಳುತ್ತದೆ ಎಂದು ಹೇಳಿಬಿಡುತ್ತಿದ್ದ. ಅವನ ಅನ್ನ ಆ ಬೆರಳಿನಲ್ಲಿತ್ತು. ಬ್ರೇಕ್ ಬಿಚ್ಚುವ ಮೊದಲು ಗಾಡಿಯ ಚಾವಿ ಅವನ ಅಂಗಿ ಕಿಸೆ ಸೇರಬೇಕು, ಗಾಡಿ ಯಾರದೇ ಇರಲಿ.

"ಇದರಾಗ ಪ್ಯಾಡ್ ಒತ್ತೂ ಪಿಸ್ಟನ್ನ ಕ್ಲಾಂಪ್ ಹಾಕಿ ದೂಡಿದ್ರ ಮೋಟರಿನ ಹಲ್ಲು ಮುರೀತಾವ," ಎಂದ ಮಿಸ್ತ್ರಿ. "ಮೋಟರ್ ತಾನ ಹಿಂದ ಸರೀಬೇಕು. ಕಂಪ್ಯೂಟರ್ ಬೇಕು."

ಫೋನ್ ಮಾಡಿ ಹುಬ್ಬಳ್ಳಿಯಿಂದ ಗೆಳೆಯ ತುಳಸಿರಾಮನನ್ನು ಕರೆಸಿದ. ಅವನು ಬಸ್ಸಿನಲ್ಲಿ ತಂದ ಯಂತ್ರವನ್ನು ಸ್ಟೇರಿಂಗ್ ಕೆಳಗೆ ಸಿಕ್ಕಿಸಿ ಮೋಟರನ್ನು ಹಿಂದೆ ಸರಿಸಿದ. "ಇನ್ನ ಯಾರೂ ಬಟನ್ ಮುಟ್ಟಬ್ಯಾಡ್ರಿ. ಒತ್ತಿದ್ರ ಪಿಸ್ಟನ್ ಹೊರಗ ಬಂದು ಕೈ ಹಿಡೀತೈತಿ," ಎಂದು ಇಬ್ಬರಿಗೂ ಹೇಳಿ ಎದುರಿನ ಖಾನಾವಳಿಗೆ ಹೋದ. ಚಾವಿ ಮಿಸ್ತ್ರಿಯ ಕಿಸೆ ಸೇರಿತು. ಎರಡನೇ ಚಾವಿ ಜಾವೇದನ ಪ್ಯಾಂಟಿನಲ್ಲಿತ್ತು. ಅದನ್ನೇನು ಹೇಳುವುದು ಎಂದು ಅವನು ಹೇಳಲಿಲ್ಲ.

ಅಷ್ಟರಲ್ಲಿ ಸಾವಕಾರರು ಬೆವರೊರೆಸಿಕೊಳ್ಳುತ್ತ ಬಂದರು. "ಮುಂಜಾನಿಂದ ಒಂದು ಬ್ರೇಕ್ ಆಗಲಿಲ್ಲೇನೋ ಮಿಸ್ತ್ರಿ?"

"ಇನ್ನ ಅರ್ಧಾ ತಾಸು ರೀ. ನೆರಳಾಗ ಕೂಡ್ರಿ."

"ಕಾರ್ ಇರೂವಾಗ ನೆರಳ್ಯಾಕ? ಚಾವಿ ಕೊಡು, ಎಸಿ ಹಚ್ಚಿ ಕೂಡ್ತೇನಿ."

"ಕೊಡಂಗಿಲ್ಲ ರೀ. ನನ್ನ ಕೈ ಗಾಲಿ ಒಳಗೈತಿ."

"ಕಾರ್ ಯಾರ್ದಲೇ?"

"ಕಾರ್ ನಿಮ್ದು. ಕೈ ನಂದು."

ಮಿಸ್ತ್ರಿ ಮತ್ತೆ ಗಾಲಿಯೊಳಗೆ ತಲೆ ಹಾಕಿದ. ಸಾವಕಾರರು ಜಾವೇದನನ್ನು ಆಚೆ ಕರೆದರು. "ಎರಡನೇದು ನಿನ್ನ ಕಡೆ ಐತಲ್ಲ, ತಾ."

ಮನೆಯಲ್ಲಿ ಮರೆತೆ ಎನ್ನಬಹುದಿತ್ತು. ತಡವಾಗಿ ಬಂದಾಗಲೆಲ್ಲ ಸತ್ತ ಅಜ್ಜಿಯನ್ನೇ ಮತ್ತೆ ಮತ್ತೆ ಸಾಯಿಸುತ್ತಿದ್ದ ಜಾವೇದನಿಗೆ ಅವತ್ತು ಒಂದು ಸುಳ್ಳೂ ಹೊಳೆಯಲಿಲ್ಲ. ಕೊಟ್ಟ. "ಬಟನ್ ಮುಟ್ಟಬ್ಯಾಡ್ರಿ" ಎಂದದ್ದು ತನ್ನ ಕಿವಿಗೇ ಬೀಳದಷ್ಟು ಸಣ್ಣ ದನಿಯಲ್ಲಿ.

"ಇವಗ ಕೆಲಸ ಬರ್ತೈತೋ ಇಲ್ಲೋ ನೋಡೂಣು," ಎನ್ನುತ್ತ ಸಾವಕಾರರು ಕಾರಿನಲ್ಲಿ ಕೂತು ಚಾವಿ ಹಾಕಿ ಬಟನ್ ಒತ್ತಿದರು.

ಗುಂಯ್.

ರೊಜಾರಿಯೊ ಕಿರುಚಲಿಲ್ಲ. "ಬಿಡಸ್ರಿ," ಎಂದ. ಸಾವಕಾರರು ಕೈಗೆ ಸಿಕ್ಕಿದ್ದನ್ನೆಲ್ಲ ಒತ್ತಿದರು. ವೈಪರ್ ಆಡಿತು, ಹಾರ್ನ್ ಹೊಡೆಯಿತು, ಬೆರಳು ಬಿಡಲಿಲ್ಲ. ತುಳಸಿರಾಮ ಎಂಜಲುಗೈಯಲ್ಲೇ ಓಡಿ ಬಂದು ಯಂತ್ರದಿಂದ ಮೋಟರನ್ನು ಹಿಂದೆ ಸರಿಸಿ ಬಿಡಿಸಿದ. ನಡುಬೆರಳಿನ ತುದಿ ತಗಡಿನಂತಾಗಿತ್ತು.

"ಅಲ್ಲಿ ಕೈ ಯಾಕ ಇಟ್ಟಿದ್ದ ಅಂವಾ?" ಎಂದು ಸಾವಕಾರರು ಜಾವೇದನನ್ನು ಕೇಳಿದರು. ಜಾವೇದನ ರಕ್ತ ಕುದಿಯಿತು. ಬಾಯಿ ಮುಚ್ಚಿಕೊಂಡೇ ಕುದಿಯಿತು.

ಮಿಸ್ತ್ರಿ ಕೈಗೆ ಬಟ್ಟೆ ಸುತ್ತಿಕೊಂಡ. ಉಳಿದ ಪ್ಯಾಡುಗಳನ್ನು ಪಕ್ಕದಲ್ಲೇ ನಿಂತು ತುಳಸಿರಾಮನಿಂದ ಹಾಕಿಸಿದ. ಬ್ರೇಕಿಲ್ಲದ ಗಾಡಿಯನ್ನು ರಸ್ತೆಗೆ ಬಿಡಲು ಅವನಿಗೆ ಆಗಲೂ ಮನಸ್ಸಾಗಲಿಲ್ಲ. ಆಮೇಲೆ ಕಿಸೆಯ ಚಾವಿಯನ್ನು ಸಾವಕಾರರ ಕಾಲ ಬುಡಕ್ಕೆ ಒಗೆದ. "ಇನ್ನ ಈ ಗಾಡಿ ನನ್ನ ಶೆಡ್ ಮುಂದ ನಿಂದರಬಾರದು. ನೀವೂ ನಿಂದರಬಾರದು."

ಆಸ್ಪತ್ರೆಯಲ್ಲಿ ಬೆರಳಿನ ಮೇಲಿನ ಗೆಣ್ಣು ತೆಗೆದರು.

ಮೂರನೇ ದಿನ ಜಾವೇದ ಚಿಕ್ಕೂ ಹಿಡಿದು ಅವನ ಮನೆಗೆ ಹೋದ. ಹೆಂಡತಿ ರೀಟಾ ಬಾಗಿಲು ತೆರೆದಳು, ಒಳಗೆ ಬಾ ಎನ್ನಲಿಲ್ಲ. ಕಟ್ಟೆಯ ಮೇಲೆ ಕೂತಿದ್ದ ರೊಜಾರಿಯೊನ ಮುಂದೆ ಜಾವೇದ ಸಾವಕಾರರನ್ನು ಬಾಯಿಗೆ ಬಂದಂತೆ ಬೈದ. ನಾಳೆಯೇ ಕೆಲಸ ಬಿಡುತ್ತೇನೆ ಎಂದ. ನಿನ್ನೆಯೂ ಮೊನ್ನೆಯೂ ಮನೆಯಲ್ಲಿ ಹಾಗೇ ಹೇಳಿದ್ದ. ಬೈಗುಳ ತೀರಿದ ಮೇಲೆ ಜಾವೇದ ನೆಲ ನೋಡುತ್ತ ಕೇಳಿದ:

"ಕಾಕಾ, ನಿಮಗ ಸಿಟ್ಟು ಸಾವಕಾರ್ರ ಮ್ಯಾಲ ಹೆಚ್ಚೋ, ನನ್ನ ಮ್ಯಾಲ ಹೆಚ್ಚೋ?"

"ನಿನ್ನ ಮ್ಯಾಲ. ಒತ್ತಿದ್ರ ಏನಾಗ್ತೈತಿ ಅಂತ ಅವಗ ಗೊತ್ತಿರಲಿಲ್ಲ. ನಿನಗ ಗೊತ್ತಿತ್ತು."