ಬ್ರಿಟಿಷ್ ಪ್ರಜೆಯ ಮಡಿಲಕ್ಕಿ

ನಮ್ಮೂರು ಹಂಗಳದಲ್ಲಿರುವ ನನ್ನ ಅಣ್ಣ ಒಳ್ಳೆಯವನು. ಅದೇ ನನ್ನ ಕಷ್ಟ. ಕೆಟ್ಟವನಾಗಿದ್ದರೆ ಜಗಳವಾಡಿ ಮುಗಿಸುತ್ತಿದ್ದೆ. ಹೋದ ವರ್ಷ ನಾನು ಲಂಡನ್ನಿನಲ್ಲಿ ಬ್ರಿಟಿಷ್ ಪ್ರಜೆಯಾದೆ. ಆರು ವರ್ಷದ ಮೇಲೆ ತವರಿಗೆ ಬಂದರೆ, ಗುಂಡ್ಲುಪೇಟೆಯಲ್ಲಿ ಸಿಕ್ಕಿದ್ದು ಸಾಲದೆಂದು ಚಾಮರಾಜನಗರಕ್ಕೇ ಹೋಗಿ ಬ್ರೆಡ್ಡು, ಜಾಮು, ಎರಡು ಮುಳ್ಳುಚಮಚ ತಂದಿಟ್ಟಿದ್ದ. ಮನೆಯವರೆಲ್ಲ ಮುದ್ದೆ, ಉಪ್ಪೆಸರು ಉಣ್ಣುವಾಗ ನನ್ನ ಮುಂದೆ ಬ್ರೆಡ್ಡು!

ನನಗೂ ಮುದ್ದೆ ಹಾಕಿ ಎಂದರೆ ಅತ್ತಿಗೆ ಅಣ್ಣನ ಮುಖ ನೋಡಿದರು.

"ಒಟ್ಟೆ ಕೆಟ್ಟೋದದು ಕಣಮ್ಮಿ. ಈಗ ನೀನು ಬ್ರಿಟಿಷರವಳು," ಎಂದ ಅಣ್ಣ.

ಮೈಯೆಲ್ಲ ಉರಿದುಹೋಯಿತು. ಬ್ರಿಟಿಷರವಳು ಅಂದರೆ ಏನು? ಅಲ್ಲಿ ಹದಿನಾರು ವರ್ಷದಿಂದ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದೇನೆ. ಇವತ್ತಿಗೂ ನಾನು ಬೆನ್ನು ಒರೆಸುತ್ತಿರುವಾಗಲೇ ಮುದುಕರು "ನಿಜವಾಗಿ ನೀನು ಎಲ್ಲಿಯವಳು?" ಎಂದು ಕೇಳುತ್ತಾರೆ. ಪ್ರಜೆಯಾಗಲು ಅರ್ಜಿ ಹಾಕಿ, ಪುಸ್ತಕ ಉರು ಹೊಡೆದು ಪರೀಕ್ಷೆ ಬರೆದೆ. ಯಾವ ರಾಜನಿಗೆ ಎಷ್ಟು ಹೆಂಡಿರು ಎಂಬುದೆಲ್ಲ ಬಾಯಿಪಾಠ. ಅಲ್ಲೇ ಹುಟ್ಟಿದ ಪಕ್ಕದ ಮನೆಯ ಹೆಂಗಸಿಗೆ ಅದರಲ್ಲಿ ಅರ್ಧವೂ ಗೊತ್ತಿಲ್ಲ. ಅವಳನ್ನು ಯಾರೂ ಕೇಳುವುದೂ ಇಲ್ಲ.

ಹೊರಡುವ ದಿನ ಬಂತು. ನಮ್ಮಲ್ಲಿ ತವರಿನಿಂದ ಹೊರಟ ಮಗಳ ಮಡಿಲಿಗೆ ಅಕ್ಕಿ, ಬೆಲ್ಲ, ಕಾಯಿ ತುಂಬಿ ಕಳಿಸುತ್ತಾರೆ. ಅವ್ವ ಹೋದ ಮೇಲೂ ಅತ್ತಿಗೆ ಅದನ್ನು ತಪ್ಪಿಸಿರಲಿಲ್ಲ. ಈ ಸಲ ಕಾರು ಬಂತು, ಪೆಟ್ಟಿಗೆ ಏರಿತು, ಅಕ್ಕಿಯ ಸುದ್ದಿಯೇ ಇಲ್ಲ. ಹಿಂದಿರುಗಿಸಿದ ಭಾರತದ ಪಾಸ್‌ಪೋರ್ಟಿನ ಜೊತೆ ಇದನ್ನೂ ಕಳೆದುಕೊಂಡೆನೇ? ನಾಚಿಕೆ ಬಿಟ್ಟು ಕೇಳಿಯೇ ಬಿಟ್ಟೆ.

"ಏರ್‌ಪೋರ್ಟಲ್ಲಿ ಕಿತ್ಕೊಂಡು ಬಿಸಾಕ್ಬುಡ್ತಾರೆ ಕಣಮ್ಮಿ. ಅಕ್ಕಿ ಕಸಕ್ಕೆ ಬೀಳ್ಬಾರ್ದು," ಎಂದ ಅಣ್ಣ. "ಅದೂ ಅಲ್ದೆ, ಕೇಳಿ ಈಸ್ಕೊಂಡ್ರೆ ಮಡ್ಲಕ್ಕಿ ಆದದಾ?"

"ಅಲ್ಲಿ ಅರ್ಜಿ ಆಕಿ ಅವ್ರವಳಾದೆ. ಈ ಮನೆ ಮಗ್ಳಾಗಕ್ಕೂ ಅರ್ಜಿ ಆಕ್ಬೇಕಾ ಅಣ್ಣ?" ಕಿರುಚಿಬಿಟ್ಟೆ. ಬೀದಿಯವರೆಲ್ಲ ತಿರುಗಿ ನೋಡಿದರು.

ಅತ್ತಿಗೆ ಒಳಗೆ ಹೋಗಿ ಮೊರದಲ್ಲಿ ಅಕ್ಕಿ, ಬೆಲ್ಲ, ಕಾಯಿ ತಂದರು. ನಾನು ಪ್ಯಾಂಟು ತೊಟ್ಟಿದ್ದೆ, ಒಡ್ಡಲು ಸೆರಗಿರಲಿಲ್ಲ. ಅಣ್ಣನ ಹೆಗಲ ಮೇಲಿದ್ದ ಟವೆಲ್ಲನ್ನೇ ಎಳೆದು ನನ್ನ ಸೊಂಟಕ್ಕೆ ಕಟ್ಟಿ, ಐದು ಬೊಗಸೆ ಸುರಿದರು. ಗೆದ್ದವಳ ಹಾಗೆ ಗಂಟು ಹಿಡಿದು ಕಾರಿನತ್ತ ನಡೆದೆ.

"ನಿಂತ್ಕೊ ಕಣಮ್ಮಿ," ಎಂದರು ಅತ್ತಿಗೆ. "ಮೂರು ಹಿಡಿ ವಾಪಸ್ ಆಕ್ದೆ ಅಂಗೇ ಓಯ್ತಾ ಇದ್ದೀಯಲ್ಲ, ಮರ್ತ್ಬುಟ್ಟಾ?"

ಮಗಳು ಎಲ್ಲವನ್ನೂ ಹೊತ್ತು ಹೋದರೆ ತವರು ಬರಿದಾಗುತ್ತದೆಂದು ಅವ್ವ ನನ್ನ ಕೈ ಹಿಡಿದು ಹಾಕಿಸುತ್ತಿದ್ದಳು. ರಾಜನ ಹೆಂಡಿರ ಲೆಕ್ಕ ನೆನಪಿತ್ತು, ಇದು ಇರಲಿಲ್ಲ. ಹೊಸ್ತಿಲಿಗೆ ಮರಳಿ, ಅತ್ತಿಗೆ ಹಿಡಿದ ಮೊರಕ್ಕೆ ಅಕ್ಕಿ ಹಾಕಿದೆ. ಮೂರೂ ಹಿಡಿ ಆಗುವವರೆಗೆ ಅತ್ತಿಗೆ ಗಟ್ಟಿಯಾಗಿ ಎಣಿಸಿದರು.